ಹಳದಿ ವ್ಯಾನಿನಿಂದ ಇಳಿದ ಹುಡುಗಿ

ಸೇಡಂ ದಾಟುತ್ತಲೇ ನಮ್ಮ ಕಾರು ಪಂಕ್ಚರ್ ಆಯಿತು. ಡ್ರೈವರ್ ಟೈರು ಬದಲಿಸುವಷ್ಟರಲ್ಲಿ ನೀರು ಕೇಳೋಣವೆಂದು ಪಕ್ಕದ ಸರಕಾರಿ ಶಾಲೆಗೆ ಹೋದೆ. ತರಗತಿಯ ಮುಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗಿಯನ್ನು ಯಾವೂರಮ್ಮ ಎಂದು ಮಾತಾಡಿಸಿದೆ.

"ಬಿಹಾರ ರೀ."

ಅವಳ ಪಕ್ಕದವನು ಒಡಿಶಾದವನು. ಹಿಂದಿನ ಸಾಲಿನವರೂ ಅತ್ತಲವರೇ. ಕಿವಿಯನ್ನು ನಂಬಲಾಗದೆ, "ಈ ಊರಿನ ಮಕ್ಕಳೆಲ್ಲಿ?" ಎಂದು ಟೀಚರನ್ನು ಕೇಳಿದೆ.

"ಒಬ್ಬರೂ ಇಲ್ರಿ. ಎಲ್ಲಾರೂ ಇಂಗ್ಲಿಷ್ ಸಾಲಿಗಿ ಹೋಗ್ತಾರ್ರಿ. ಸಿಮೆಂಟ್ ಫ್ಯಾಕ್ಟರಿ ಕೂಲಿಯವರ ಮಕ್ಕಳು ಬರಾಕತ್ತಾರಂತ ನಮ್ಮ ಸಾಲಿ ಬಂದ್ ಆಗಿಲ್ರಿ."

ಅಷ್ಟರಲ್ಲಿ ಗೇಟಿನ ಮುಂದೆ ಹಳದಿ ವ್ಯಾನೊಂದು ನಿಂತಿತು. ಟೈ ಕಟ್ಟಿದ ಹುಡುಗಿಯೊಬ್ಬಳು ಇಳಿದು, ಓಡಿ ಬಂದು ಟೀಚರನ್ನು ತಬ್ಬಿಕೊಂಡಳು.

"ನನ್ನ ಮಗಳ್ರಿ," ಎಂದರು ಟೀಚರ್, ನನ್ನ ಮುಖ ನೋಡದೆ.

ಶಾಲೆ ಬಿಡುವ ಮೊದಲು ವಚನ ಹೇಳುವುದು ಅಲ್ಲಿನ ರೂಢಿ. ಬಿಹಾರದ ಹುಡುಗಿ ಎದುರು ನಿಂತು, ಎಲ್ಲೂ ತಡವರಿಸದೆ ಹೇಳಿಕೊಟ್ಟಳು. ಉಳಿದ ಮಕ್ಕಳು ದನಿಗೂಡಿಸಿದರು. ಟೀಚರ ಮಗಳೂ ಸಾಲಿನ ಕೊನೆಯಲ್ಲಿ ಕೈಮುಗಿದು ನಿಂತಿದ್ದಳು. ಅವಳಿಗೆ ಆ ವಚನ ಬರುತ್ತಿರಲಿಲ್ಲ. ಬಿಹಾರದ ಹುಡುಗಿಯ ಬಾಯನ್ನೇ ನೋಡುತ್ತ ಸುಮ್ಮನೆ ತುಟಿ ಅಲ್ಲಾಡಿಸುತ್ತಿದ್ದಳು.