ಬೋಡಿಮೆಟ್ಟಿನಲ್ಲಿ ಅಪ್ಪ ನಿಲ್ಲಿಸಿದ ಮಾತು

ಆಗೆಲ್ಲ ಏಲಕ್ಕಿ ಕೊಯ್ಲು ಬಂತೆಂದರೆ ತಮಿಳುನಾಡಿನ ನಮ್ಮ ಹನುಮಂತನಪಟ್ಟಿಯ ಬೀದಿ ಅರ್ಧ ಖಾಲಿಯಾಗುತ್ತಿತ್ತು. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ವರ್ಷ ನಾನೂ ಅಪ್ಪನ ಹಿಂದೆ ತೋಟದ ಕೂಲಿಗೆಂದು ಬೋಡಿಮೆಟ್ಟು ಘಟ್ಟ ಹತ್ತಿದೆ.

ಅದು ಈಗ ನೆನಪಾಗಿದ್ದು ಮಗಳು ತಂದಿಟ್ಟ ತಮಿಳು ಕಾದಂಬರಿಯಿಂದ. ಅದರಲ್ಲಿ ಈ ಕಾಲದ ಟೀಚರಮ್ಮ ಒಬ್ಬಳು ಇದ್ದಕ್ಕಿದ್ದಂತೆ ಹಿಂದಿನ ಕಾಲಕ್ಕೆ, ಗುಲಾಮರು ದುಡಿಯುವ ಹತ್ತಿ ತೋಟಕ್ಕೆ ಹೋಗಿ ಬೀಳುತ್ತಾಳೆ. ಚಾಟಿಯೇಟಿನ ಪುಟಗಳನ್ನು ಮನಸ್ಸು ಗಟ್ಟಿಮಾಡಿಕೊಂಡು ಓದಿದೆ. ಒಂದು ಕಡೆ, ಯಜಮಾನನ ಬೂಟಿನ ಸದ್ದು ಕೇಳಿದ ಕೂಡಲೇ ಅವಳ ತಲೆ ತಾನಾಗಿಯೇ ತಗ್ಗುತ್ತದೆ. ಅಲ್ಲಿ ಪುಸ್ತಕ ಮುಚ್ಚಿಟ್ಟೆ. ಅಪ್ಪ ಕಣ್ಣೆದುರು ಬಂದ.

ಊರಲ್ಲಿ ಅಪ್ಪ ಯಾರೆದುರೂ ಹೆಗಲಿನ ಟವೆಲು ಇಳಿಸಿದವನಲ್ಲ. ಮೇಲೆ, ಕೂಲಿಗಳ ಮೇಲ್ವಿಚಾರಣೆಯ ಕಂಗಾಣಿ ಕಂಡರೆ ಅದು ಸೊಂಟಕ್ಕೆ ಬರುತ್ತಿತ್ತು. ಮೊದಲ ದಿನವೇ ನಾವಿಬ್ಬರೂ ಮನೆಮಾತು ಕನ್ನಡದಲ್ಲಿ ಏನೋ ಹೇಳಿಕೊಂಡು ನಕ್ಕೆವು. ಕಂಗಾಣಿ ನಿಂತ.

"ಎನ್ನಡಾ ರಗಸಿಯಂ? ತಮಿಳ್‌ಲೆ ಪೇಸು!"

ಏನೋ ಅದು ಗುಟ್ಟು, ತಮಿಳಲ್ಲಿ ಮಾತಾಡು ಎಂದು. ಅವನನ್ನೇ ಬೈಯುತ್ತಿದ್ದೇವೆಂದು ಅವನ ಗುಮಾನಿ. ಅಂದಿನಿಂದ ಅಪ್ಪ ನನ್ನ ಜೊತೆ ಕನ್ನಡ ನಿಲ್ಲಿಸಿದ. ನಾವು ಮಲಗುವ ಕೋಣೆಯಲ್ಲೂ ತಮಿಳೇ. ಗೋಡೆಯಾಚೆ ಯಾರಿದ್ದಾರೋ ಎಂಬ ಭಯ.

ಒಂದು ಸಂಜೆ ಮಳೆಯಲ್ಲಿ ನನ್ನ ಕಾಲ್ಬೆರಳ ಸಂದಿಗೆ ಜಿಗಣೆ ಕಚ್ಚಿತು. ಅಪ್ಪ ಏಲಕ್ಕಿ ಒಣಗಿಸುವ ಗೂಡಿಗೆ ಸೌದೆ ಹಾಕುತ್ತಿದ್ದ. ಹೊಗೆ, ಹಸಿ ಏಲಕ್ಕಿಯ ಘಾಟು.

"ಅಪ್ಪಾ, ರಗತ ನಿಲ್ಲಂಗಿಲ್ಲ ನೋಡಪ್ಪಾ."

ಪಕ್ಕದಲ್ಲೇ ಕಂಗಾಣಿ ಬೀಡಿ ಸೇದುತ್ತಿದ್ದ. ಅಪ್ಪ ತಿರುಗದೆ, "ಪೋಡಾ, ವೇಲೆಯ ಪಾರು" ಎಂದ. ಹೋಗೋ, ಕೆಲಸ ನೋಡು. ಯಾರದೋ ಮಗನಿಗೆ ಹೇಳುವ ಹಾಗೆ.

ಆಮೇಲೆ ನಾನು ಮಾತೇ ಬಿಟ್ಟೆ. ಬಾಕಿ ಹುಡುಗರು ಗೋಲಿ ಆಡುವಾಗ ಏಲಕ್ಕಿ ಗಿಡದ ಬುಡದಲ್ಲಿ ಕೂತು, "ಊಟ ಆಯ್ತಾ? ಏನ್ ಉಂಡೆ?" ಎಂದು ನಾನೇ ಕೇಳಿಕೊಳ್ಳುತ್ತಿದ್ದೆ. ಸಜ್ಜೆ ಮುದ್ದೆ, ಹುರುಳಿ ಸಾರು ಎಂದು ನಾನೇ ಹೇಳುತ್ತಿದ್ದೆ. ನಿಜವಾಗಿ ಉಂಡದ್ದು ಮುಗ್ಗಲಕ್ಕಿ ಗಂಜಿ. ಕೆಳಗಿಳಿದ ಮೇಲೂ ಅಪ್ಪ ಹೀಗೇ ಇದ್ದುಬಿಟ್ಟರೆ? ಅದೊಂದೇ ನನ್ನ ಹೆದರಿಕೆ.

ಕೊಯ್ಲು ಮುಗಿದು ಇಳಿಯುವಾಗ, ತೋಟ ಮರೆಯಾಗುವ ತಿರುವಿನಲ್ಲಿ ಅಪ್ಪ ನಿಂತ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ಕುಕ್ಕರಗಾಲಲ್ಲಿ ಕೂತು ನನ್ನ ಪಾದ ತೊಡೆಯ ಮೇಲಿಟ್ಟುಕೊಂಡ.

"ಎಲ್ಲಿ ಮಗಾ, ಅವತ್ತು ಕಡ್ದಿದ್ದು?"

"ಈಗ ಕೇಳ್ತೀಯಾ?"

"ಈಗ್ತಾನೆ ಬಾಯಿ ಬಂತು ಕಣೋ ನಂಗೆ."

ಗಾಯ ಎಂದೋ ಮಾಯ್ದಿತ್ತು. ಆದರೂ ತೋರಿಸಿದೆ. ಘಟ್ಟದ ಬುಡದ ಬೋಡಿ ಪೇಟೆ ಮುಟ್ಟುವವರೆಗೂ ಇಬ್ಬರೂ ಬಾಯಿ ಮುಚ್ಚಲಿಲ್ಲ.

ಅಪ್ಪ ಗುಲಾಮನಲ್ಲ. ದುಡಿದು, ತಲೆಯೆತ್ತಿ ಇಳಿದು ಬಂದವನು. ನಾನೂ ದಿಂಡಿಗಲ್‌ನಲ್ಲಿ ಬೀಗದ ಅಂಗಡಿ ಇಟ್ಟು, ಯಾರೆದುರೂ ಟವೆಲು ಇಳಿಸದೆ ಬಾಳಿದೆ.

ಪುಸ್ತಕ ಮುಗಿಸಿದ ದಿನ ಮಗಳಿಗೆ, "ಓದ್ಬಿಟ್ಟೆ ಕಣಮ್ಮಾ" ಎಂದೆ. "ಎಪ್ಪಡಿ ಇರುಂದುಚ್ಚುಪ್ಪಾ?" ಎಂದಳು, ಹೇಗಿತ್ತು ಎಂದು. ನನ್ನ ಮಾತು ಅವಳಿಗೆ ತಿಳಿಯುತ್ತದೆ, ನಾಲಿಗೆಗೆ ಬರುವುದಿಲ್ಲ. ಹೆಂಡತಿ ತೀರಿಹೋದ ಮೇಲೆ ಮನೆಯಲ್ಲಿ ಕನ್ನಡದಲ್ಲಿ ಉತ್ತರ ಕೊಡುವವರಿಲ್ಲ. ಹಾಗಂತ ತಡೆಯಲು ಬಾಗಿಲಲ್ಲಿ ಯಾವ ಕಂಗಾಣಿಯೂ ನಿಂತಿಲ್ಲ.

ಸಂಜೆ ಅಂಗಡಿ ಮುಚ್ಚುವಾಗ, "ಊಟ ಆಯ್ತಾ?" ಎನ್ನುತ್ತೇನೆ. "ಇನ್ನೂ ಇಲ್ಲ" ಎನ್ನುವವನೂ ನಾನೇ.