ಎಡಕ್ಕೆ ಬಿದ್ದರೆ

ತಂಬ್ರಹಳ್ಳಿಯ ನಮ್ಮ ಮನೆಯಲ್ಲಿ, ದೇವಿಯ ಮುಡಿಗಿಟ್ಟ ಹೂವು ಬಲಕ್ಕೆ ಬಿದ್ದು ಅಪ್ಪಣೆಯಾಗುವ ತನಕ ಯಾವ ಕೆಲಸವೂ ಶುರುವಾಗುವುದಿಲ್ಲ; ಎಡಕ್ಕೆ ಬಿದ್ದರೆ ಆ ಕೆಲಸ ಅಲ್ಲಿಗೇ ನಿಂತಂತೆ. ಸಣ್ಣ ಜೆಟ್ ವಿಮಾನಗಳ ಎಂಜಿನ್ ರಿಪೇರಿ ಮಾಡುವ ನನಗೆ ಇದನ್ನು ಕಂಡರೆ ಮೈ ಉರಿಯುತ್ತಿತ್ತು.

ರಜೆಯಲ್ಲಿ ಸೋದರತ್ತೆಗೆ ನನ್ನ ಕೆಲಸ ವಿವರಿಸಿದೆ. ಪೈಲಟ್ ಲಿವರ್ ತಳ್ಳಿ ಎಂಜಿನ್ನಿನಿಂದ ಹೆಚ್ಚು ಶಕ್ತಿ ಕೇಳಬಹುದು ಅಷ್ಟೆ; ಶಾಖ, ಗಾಳಿ, ವೇಗ ನೋಡಿಕೊಂಡು ಎಷ್ಟು ಇಂಧನ ಬಿಡಬೇಕೆಂದು ತೀರ್ಮಾನಿಸುವುದು ಕಂಪ್ಯೂಟರ್.

"ಅಂದ್ರ ನೀವೂ ಅಪ್ಪಣಿ ಕೇಳ್ತೀರಿ," ಎಂದಳು ಅತ್ತೆ. ಆಮೇಲೆ ದನಿ ತಗ್ಗಿಸಿ, "ಮ್ಯಾಲೆ ಹೋದಾಗ ಎಡಕ್ಕ ಬಿದ್ರ?"

"ಅದು ಕೆಟ್ರ ಇನ್ನೊಂದು ಕಂಪ್ಯೂಟರ್ ಐತಿ ಅತ್ತಿ," ಎಂದು ನಕ್ಕೆ. ಅವಳು ನಗಲಿಲ್ಲ.

ಈಗ ಖಾಲಿ ವಿಮಾನದಲ್ಲಿ ಒಬ್ಬನೇ ಕೂತು ಎಂಜಿನ್ ಪರೀಕ್ಷಿಸುತ್ತೇನೆ. ಲಿವರ್ ತಳ್ಳಿದ ಮೇಲೆ, ಮೊರೆತ ಏರುವ ಮುನ್ನ, ಎಂಜಿನ್ ಒಂದು ಗಳಿಗೆ ತಡೆಯುತ್ತದೆ. ಆಗ ಕಣ್ಣು ತಾನಾಗಿಯೇ ಎಡಕ್ಕೆ, ನೆಲದತ್ತ ಹೋಗುತ್ತದೆ. ಹೂವು ಬಿದ್ದರೆ ಸದ್ದಾಗುವುದಿಲ್ಲ.