ಜಂಗಮಕೋಟೆ ಯಶೋಧರಾಳ ಸುತ್ತಿಗೆ

ಜಂಗಮಕೋಟೆ ಮುನಿವೆಂಕಟಪ್ಪನ ಮಗಳು ಯಶೋಧರಾ ಸುಮ್ಮನೆ ನಿಂತಿದ್ದರೆ ಯಾರಿಗೂ ಭಯವಿಲ್ಲ; ತಿರುಗತೊಡಗಿದಳೋ, ಬೀದಿಗೆ ಬೀದಿಯೇ ಖಾಲಿ. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು, ಡೇರಿಗೆ ಹಾಲಿನ ಕ್ಯಾನು ಎತ್ತಿ ಗಟ್ಟಿಯಾದ ತೋಳು ಅವಳದು. ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ನರೇಂದ್ರ ಆ ತೋಳು ನೋಡಿದವರೇ, ತಂತಿಯ ತುದಿಗೆ ಕಬ್ಬಿಣದ ಗುಂಡು ಕಟ್ಟಿದ ಸಾಮಾನೊಂದನ್ನು ತಂದು ಕೈಗಿಟ್ಟರು.

"ಇದು ಹ್ಯಾಮರು ಕಣಮ್ಮ. ಗಿರಗಿರ ತಿರುಗಿ ಬಿಟ್ಬಿಡು."

"ಹ್ಯಾಮರ್ ಅಂದ್ರೆ ಸುತ್ತಿಗೆ ಅಲ್ವಾ ಸಾರ್?"

"ಹೆಸರಿಟ್ಟೋನ್ನ ಹೋಗಿ ಕೇಳು. ನೀನು ಬಿಡು."

ಬಿಟ್ಟಳು. ಸೊಪ್ಪು ಕಟಾವಾದ ತೋಟವೇ ಮೈದಾನವಾಯಿತು. ಗುಂಡು ಬಿದ್ದಲ್ಲೆಲ್ಲ ಗುಂಡಿ. "ನಮ್ಮ ತೋಟಕ್ಕೂ ಬಾರಮ್ಮ, ತೆಂಗಿನ ಸಸಿ ಇಡ್ಬೇಕು," ಎಂದು ಪಕ್ಕದ ಓಬಳಮ್ಮ ಬೇಲಿಯಾಚೆಯಿಂದ ಕೂಗುತ್ತಿದ್ದಳು. ಯಶೋಧರಾ ಮೂರು ಸಲ ರಾಜ್ಯ ಚಾಂಪಿಯನ್ ಆದಳು. ಐವತ್ತೆಂಟು ಮೀಟರ್ ಅವಳ ದಾಖಲೆ. ಊರಿನವರು ಹೆಮ್ಮೆಯಿಂದ ಕಟ್ಟಿಸಿದ ಫ್ಲೆಕ್ಸಿನಲ್ಲಿ ಅವಳ ಕೈಗೆ ಬಡಗಿಯ ಸುತ್ತಿಗೆ ಅಂಟಿಸಿದ್ದರು.

ಕ್ರೀಡಾ ಕೋಟಾದಲ್ಲಿ ಡ್ರಿಲ್ ಟೀಚರ್ ಹುದ್ದೆಗೆ ಅರ್ಜಿ ಹಾಕಿದಳು. ವಯಸ್ಸಿನ ಮಿತಿಗೆ ಅದೇ ಕೊನೆಯ ವರ್ಷ. ಅರ್ಜಿ ಗೌರಿಬಿದನೂರಿನ ಕಚೇರಿಯೊಂದರಲ್ಲಿ ಮುರಳಿಮೋಹನ್ ಎಂಬ ಸೂಪರಿಂಟೆಂಡೆಂಟರ ಮೇಜಿಗೆ ಬಂತು. ಕಡತದಲ್ಲಿ ಅಚ್ಚಗನ್ನಡವೇ ಇರಬೇಕೆಂಬ ಹಟ ಅವರದು. 'ಸುತ್ತಿಗೆ ಎಸೆತ' ಎಂದು ಬರೆದು, ಸುತ್ತಿಗೆ ಸಮೇತ ಹಾಜರಾಗಲು ನೋಟಿಸು ಕಳಿಸಿದರು. ಅಪ್ಪ, ಮಗಳು ರೈಲಿಳಿದು ಬಂದು ಗುಂಡನ್ನು ಮೇಜಿನ ಮೇಲಿಟ್ಟರು.

"ಸುತ್ತಿಗೆ ಎಲ್ಲಮ್ಮ?"

"ಇದೇ ಸಾರ್."

"ಇದು ಗುಂಡು."

"ಹೂಂ ಸಾರ್, ಇದನ್ನೇ ಹ್ಯಾಮರ್ ಅಂತಾರೆ."

"ಗುಂಡು ಎಸೆತ ಬೇರೆ ಆಟ ಕಣಮ್ಮ. ಅದರಲ್ಲಿ ನಿನ್ನ ಹತ್ರ ಸರ್ಟಿಫಿಕೇಟ್ ಎಲ್ಲಿದೆ? ಸಂಜೆಯೊಳಗೆ ಸುತ್ತಿಗೆ ಎಸೆದು ತೋರ್ಸು. ಇಲ್ಲಾಂದ್ರೆ ಅರ್ಜಿ ತಿರಸ್ಕಾರ."

ಯಶೋಧರಾ ಫೋನಿನಲ್ಲಿ ತನ್ನ ಪಂದ್ಯದ ವಿಡಿಯೋ ತೋರಿಸಿದಳು. ಅವರು ಕನ್ನಡಕ ಏರಿಸಿ ಪೂರ್ತಿ ನೋಡಿ, "ಚೆನ್ನಾಗಿ ಎಸೀತೀಯ. ಆದ್ರೆ ಗುಂಡೇ ಅಲ್ವಾ?" ಎಂದರು.

ಮುನಿವೆಂಕಟಪ್ಪ ಹೊರಗೆ ಹೋದ. ಎದುರಿಗೆ ಚರಂಡಿಗೆಂದು ಕಲ್ಲು ಒಡೆಯುತ್ತಿದ್ದವರಿಂದ ಒಂದು ದಪ್ಪ ಸುತ್ತಿಗೆ ಕೇಳಿ ತಂದ.

"ಅಪ್ಪ, ಇದು ಆಟಾನೇ ಅಲ್ಲ," ಎಂದಳು ಮಗಳು, ಕಣ್ಣು ತುಂಬಿಕೊಂಡು.

"ಅವರು ಮಾಡ್ತಿರೋದೂ ಕೆಲಸ ಅಲ್ಲ ಕಣಮ್ಮ. ಬಿಸಾಕು."

ಕಚೇರಿಯ ಹಿಂದಿನ ಬಯಲಿನಲ್ಲಿ ನಾಲ್ಕು ಸುತ್ತು ತಿರುಗಿ ಬಿಟ್ಟಳು. ಸುತ್ತಿಗೆ ಮರದ ಹಿಡಿ ಸಮೇತ ಒದ್ದಾಡುತ್ತ, ಕುಡಿದವನಂತೆ ತೂರಾಡುತ್ತ ಹೋಗಿ ಬೇವಿನ ಮರದ ಬುಡದಲ್ಲಿ ಬಿತ್ತು. ಸಿಬ್ಬಂದಿಯೆಲ್ಲ ಚಪ್ಪಾಳೆ ತಟ್ಟಿದರು. ಟೇಪು ಹಿಡಿದರು. ಮುರಳಿಮೋಹನರ ಮುಖ ಅರಳಿತು.

"ನೋಡು, ಇದಪ್ಪ ಸುತ್ತಿಗೆ ಎಸೆತ ಅಂದ್ರೆ! ಅತ್ಯುತ್ತಮ ಸಾಧನೆ, ಇಪ್ಪತ್ತಾರು ಮೀಟರ್," ಎಂದು ಕಡತದಲ್ಲಿ ಬರೆದರು.

"ಸಾರ್, ನಂದು ಐವತ್ತೆಂಟು."

"ಅದು ಗುಂಡಿನದು ಕಣಮ್ಮ. ಕಣ್ಣಾರೆ ಕಂಡಿದ್ದನ್ನಷ್ಟೇ ಬರೀಬೇಕು ನಾವು. ಒಪ್ಪಿಗೆ ಇದ್ರೆ ಸಹಿ ಹಾಕು, ಫೈಲು ಇವತ್ತೇ ಮೇಲಕ್ಕೆ ಹೋಗುತ್ತೆ."

ಅವಳು ಅಪ್ಪನ ಮುಖ ನೋಡಿದಳು. ಅಪ್ಪ ಗೋಡೆ ನೋಡುತ್ತಿದ್ದ. ಹತ್ತು ವರ್ಷ ತಿರುಗಿ ತಿರುಗಿ ಗಳಿಸಿದ ಮೂವತ್ತೆರಡು ಮೀಟರನ್ನು ಅಲ್ಲೇ ಬಿಟ್ಟು, ರಾಜ್ಯ ಚಾಂಪಿಯನ್ ಯಶೋಧರಾ ಇಪ್ಪತ್ತಾರರ ಕೆಳಗೆ ಸಹಿ ಹಾಕಿದಳು.